ಸಾರು ಆರಿದರೂ ಸರಿ

ತಿರುವಿನಲ್ಲಿ ಎರಡು ಗಿಡ್ಡ, ಒಂದು ಉದ್ದ ಹಾರ್ನ್ ಕೇಳಿಸಿತೆಂದರೆ ಆ ಮನೆಯಲ್ಲಿ ಎಲ್ಲರ ಕಾಲಿಗೂ ಚಕ್ರ ಬರುತ್ತಿತ್ತು. ಅಮ್ಮ ಗೂಡಿನಿಂದ ತಟ್ಟೆ ಇಳಿಸುತ್ತಿದ್ದಳು. ಅಜ್ಜಿ ಸಾರಿನ ಸೌಟು ಹಿಡಿಯುತ್ತಿದ್ದಳು. ಬುಗುರಿ ಓಡಿ ಹೋಗಿ ಗೇಟು ತೆರೆಯುತ್ತಿದ್ದಳು. ಹತ್ತು ಚಕ್ರದ ಲಾರಿ ಜಲ್ಲಿ ಹಾಸಿದ ಅಂಗಳಕ್ಕೆ ನುಗ್ಗಿ, ಬ್ರೇಕಿನ ಗಾಳಿಯನ್ನು ಉಸ್ಸೆಂದು ಬಿಟ್ಟು, ಬಾಯಿ ಮುಚ್ಚುತ್ತಿತ್ತು. ಮುಚ್ಚಲೇಬೇಕು. ಊಟದ ಹೊತ್ತಿಗೆ ಎಂಜಿನ್ ಗುರುಗುಟ್ಟಿದರೆ ಅಜ್ಜಿ ಬಡಿಸುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಅಜ್ಜನೂ ಲಾರಿಯವನೇ. ಹೊತ್ತಲ್ಲದ ಹೊತ್ತಿನಲ್ಲಿ, ಸ್ಟಿಯರಿಂಗ್ ಮೇಲೇ ಪೊಟ್ಟಣ ಬಿಚ್ಚಿ ತಿಂದು ತಿಂದು ಹೊಟ್ಟೆಯ ಹುಣ್ಣಿನಿಂದಲೇ ತೀರಿಕೊಂಡಿದ್ದ. ಅವತ್ತಿನಿಂದ ಅಜ್ಜಿಯದು ಒಂದೇ ಕಟ್ಟಳೆ: "ಗಾಡಿ ಎಲ್ಲಾದ್ರೂ ಇರ್ಲಿ, ಮಧ್ಯಾಹ್ನ ಮನೇಲಿರ್ಬೇಕು. ಸಾರು ಆರೋದ್ರೊಳಗೆ ತಟ್ಟೆ ಮುಂದೆ ಕೂತಿರ್ಬೇಕು." ಹಿಟ್ಟಿನ ಗಿರಣಿಯ ಮೂಟೆಗಳನ್ನು ಊರಿನ ಬೇಕರಿಗಳಿಗೆ, ಗೋದಾಮುಗಳಿಗೆ ಹಂಚುವ ಕೆಲಸ ಅದು. ದೂರದ ಓಟ ಇರಲಿಲ್ಲವಾದ್ದರಿಂದ ಕಟ್ಟಳೆ ಈವರೆಗೆ ಮುರಿದಿರಲಿಲ್ಲ.

ಆ ದಿನ ಲಾರಿ ಇಳಿದ ಅಣ್ಣ ಕೈಯನ್ನೂ ತೊಳೆಯದೆ ಹೊಸ್ತಿಲಲ್ಲೇ ನಿಂತ.

"ಮತ್ತೆ ಹತ್ಕೊಂಡಿದೆ."

"ಏನು?" ಎಂದಳು ಅಮ್ಮ.

"ಅದೇ ಹಳದಿ ದೀಪ. ಫಿಲ್ಟರ್ ತುಂಬಿದೆ ಅಂತ."

ಅಪ್ಪ ಆಗಲೇ ಮಣೆಯ ಮೇಲೆ ಕೂತಿದ್ದ. ಒಂದು ದಿನ ಅಪ್ಪ ಓಡಿಸಿದರೆ ಮರುದಿನ ಅಣ್ಣ. ಓಡಿಸದವನು ಬೈಕಿನಲ್ಲಿ ಮುಂದೆ ಹೋಗಿ ಮೂಟೆ ಇಳಿಸಿಕೊಳ್ಳುವ ವ್ಯವಸ್ಥೆ ನೋಡುತ್ತಿದ್ದ. "ಯಾರ ಕೈಲಿದ್ದಾಗ ಹತ್ಕೊಳ್ತು, ಅದನ್ನ ಮೊದ್ಲು ಹೇಳು," ಎಂದ ಅಪ್ಪ.

"ನನ್ನ ಕೈಲಿ ಹತ್ಕೊಂಡ್ರೆ ನಾನೇ ಕೆಡಿಸಿದೆ ಅಂತನಾ? ನಿನ್ನೆ ನೀನು ಓಡಿಸ್ದೆ."

"ನಾನು ಓಡಿಸ್ದಾಗ ಆರಿತ್ತು."

"ಸಂತೇಲಿ ಸಿಕ್ಕಿದ ಅಗ್ಗದ ಆಯಿಲ್ ಹುಯ್ದಿದ್ದು ಯಾರು? ಅದಕ್ಕೇ ಕಟ್ಕೊಂಡಿರೋದು."

"ಗೇರು ಹಾಕೋಕೆ ಬರ್ದೇ ಇರೋನು ಆಯಿಲ್ ಡೊಂಕು ಅಂದನಂತೆ!"

"ತಟ್ಟೆ ಮುಂದೆ ಲಾರಿ ತರ್ಬೇಡ್ರೋ," ಎಂದು ಅಜ್ಜಿ ಸೌಟಿನಿಂದ ಪಾತ್ರೆಯ ಅಂಚಿಗೆ ಟಣ್ಣೆಂದು ಬಡಿದಳು. ಇಬ್ಬರೂ ಬಾಯಿ ಮುಚ್ಚಿದರು. ಆದರೆ ಅಪ್ಪ ಉಪ್ಪು ಕೇಳಿದಾಗ ಅಣ್ಣ ಕೊಡಲಿಲ್ಲ. ಬುಗುರಿ ಕೊಟ್ಟಳು.

ಹುಟ್ಟಿದಾಗಿನಿಂದ ನಿಂತಲ್ಲಿ ನಿಲ್ಲದ ಹುಡುಗಿಯೆಂದು ಅವಳಿಗೆ ಬುಗುರಿ ಎಂಬ ಹೆಸರು. ಈಗಂತೂ ಅವಳು ತಿರುಗುತ್ತಿದ್ದುದೆಲ್ಲ ಆ ಲಾರಿಯ ಸುತ್ತ. ಕಳೆದ ತಿಂಗಳಷ್ಟೇ ಭಾರಿ ವಾಹನದ ಲೈಸೆನ್ಸ್ ಪಡೆದಿದ್ದಳು. ಪರೀಕ್ಷೆಯ ದಿನ ಹಿಮ್ಮುಖವಾಗಿ ನಿಲ್ಲಿಸುವುದರಲ್ಲಿ ಗಂಡಸರೆಲ್ಲ ಕಂಬ ಬೀಳಿಸಿದರೆ ಇವಳ ಸರದಿಯಲ್ಲಿ ಮಾತ್ರ ಒಂದೂ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಆದರೆ ಮನೆಯ ಲಾರಿಯನ್ನು ಅವಳು ಅಂಗಳದಿಂದ ಆಚೆ ಓಡಿಸಿದ್ದೇ ಇಲ್ಲ. ತೊಳೆಯಬಹುದು, ಗ್ರೀಸ್ ಹಚ್ಚಬಹುದು, ಚಕ್ರದ ಗಾಳಿ ನೋಡಬಹುದು. ಕೀ ಕೇಳಿದರೆ ಅಪ್ಪ ಹೇಳುತ್ತಿದ್ದ: "ಲೈಸೆನ್ಸ್ ಜೇಬಲ್ಲಿದ್ರೆ ಆಯ್ತಾ? ಧೈರ್ಯ ಕಾಲಿಗಿಳೀಬೇಕು." ಅಣ್ಣ ಹೇಳುತ್ತಿದ್ದ: "ಇರೋದು ಒಂದು ಲಾರಿ, ಡ್ರೈವರು ಮೂರು ಜನ. ಒಬ್ರು ಸ್ಟಿಯರಿಂಗು, ಒಬ್ರು ಗೇರು, ಒಬ್ರು ಹಾರ್ನ್ ಇಟ್ಕೊಳ್ಳೋಣ್ವಾ?"

ಲಾರಿ ಆ ಮನೆಗೆ ಹೊಸದು. ಹಳೆಯದು ಗುಜರಿಗೆ ಹೋಗುವವರೆಗೂ ಕರಿ ಹೊಗೆ ಬಿಡುತ್ತ ಓಡಿತ್ತು. ಹೊಸದರ ಹೊಟ್ಟೆಯ ಪಕ್ಕದಲ್ಲಿ, ಹತ್ತುವ ಮೆಟ್ಟಿಲಿನ ಹಿಂದೆ, ದಪ್ಪನೆಯ ಉಕ್ಕಿನ ಡಬ್ಬಿಯೊಂದಿತ್ತು. ಎಂಜಿನ್ ಉಗುಳುವ ಮಸಿಯನ್ನೆಲ್ಲ ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಅದರೊಳಗೆ. ಹೊಗೆಕೊಳವೆಯ ಬಾಯಿಗೆ ಬಿಳಿ ಕರ್ಚೀಫು ಒತ್ತಿದರೂ ಕಲೆಯಾಗುತ್ತಿರಲಿಲ್ಲ. ಅಪ್ಪನಿಗೆ ಅದೇ ಅನುಮಾನ. "ಹಳೇ ಗಾಡಿ ಇದ್ದಿದ್ದನ್ನ ಇದ್ದಂಗೆ ಕಾರ್ತಿತ್ತು. ಇದು ಎಲ್ಲಾ ಹೊಟ್ಟೇಲಿಟ್ಕೊಂಡು ಮುನಿಸ್ಕೊಳ್ಳುತ್ತೆ, ನಿಮ್ಮಮ್ಮನ ಥರ," ಎನ್ನುತ್ತಿದ್ದ. ಅಮ್ಮ ಕೇಳಿಸಿಕೊಂಡೂ ಸುಮ್ಮನಿರುತ್ತಿದ್ದಳು. ಅದೇ ಸಾಕ್ಷಿ ಎಂದು ಅಪ್ಪ ನಗುತ್ತಿದ್ದ.

ಮುಂದಿನ ವಾರ ಅಣ್ಣ ದವಡೆಹಲ್ಲು ಕೀಳಿಸಿಕೊಂಡು, ಕೆನ್ನೆ ಊದಿಸಿಕೊಂಡು ಮಲಗಿದ. ಮೂಟೆ ಲೆಕ್ಕ ನೋಡಲು ಬುಗುರಿ ಲಾರಿಯಲ್ಲೇ ಅಪ್ಪನ ಜೊತೆ ಹೊರಟಳು. ಎತ್ತರದ ಸೀಟಿನಲ್ಲಿ ಕೂತ ಅವಳಿಗೆ ಊರೇ ಅಂಗೈ ಮೇಲೆ ಕಂಡಿತು. ಬೆಳಗೆಲ್ಲ ಲಾರಿ ತೆವಳಿತು: ಒಂದು ಬೇಕರಿಯ ಮುಂದೆ ನಿಲ್ಲು, ಇನ್ನೊಂದರ ಮುಂದೆ ನಿಲ್ಲು, ಸಿಗ್ನಲ್, ತರಕಾರಿ ಗಾಡಿ, ಮತ್ತೆ ನಿಲ್ಲು. ಕೊನೆಯ ಗೋದಾಮು ಖಾಲಿ ಮಾಡಿ ಬೈಪಾಸಿಗೆ ಬಿದ್ದ ಮೇಲಷ್ಟೇ ಅಪ್ಪನ ಕಾಲು ಆಕ್ಸಿಲರೇಟರಿನ ಮೇಲೆ ಸಲೀಸಾಗಿ ಇಳಿಯಿತು. ಗಾಡಿ ಬಿಸಿಯಾಯಿತು, ಓಡಿತು. ಬುಗುರಿ ಕಿಟಕಿಯ ಗಾಳಿಗೆ ಮುಖ ಕೊಟ್ಟು ಹಾಡಬೇಕು ಎನ್ನುವಷ್ಟರಲ್ಲಿ ಎಂಜಿನ್ನಿನ ದನಿ ಒಂದಿಷ್ಟು ದಪ್ಪವಾಯಿತು. ಮುಂದಿನ ಫಲಕದಲ್ಲಿ, ಕೊಳವೆಯಿಂದ ಬಿಸಿ ಹೊಮ್ಮುವಂಥ ಚಿತ್ರದ ಪುಟ್ಟ ದೀಪ ಹೊತ್ತಿತು.

"ಅಪ್ಪಾ, ಇದೇನಿದು?"

"ಅದಾ? ಅದು ದಿನಾ ಈ ಹೊತ್ತಿಗೆ ಹತ್ಕೊಳ್ಳುತ್ತೆ. ಮನೆಗೆ ಹೋಗಿ ಆಫ್ ಮಾಡಿದ್ರೆ ಹೋಗುತ್ತೆ."

"ದಿನಾನಾ?"

"ದಿನಾ ಅಂದ್ನಲ್ಲ. ಅದಕ್ಕೂ ಹಸಿವೇನೋ."

ಲೈಸೆನ್ಸ್ ಪರೀಕ್ಷೆಗೆಂದು ಉರು ಹೊಡೆದಿದ್ದ ಸಾಲೊಂದು ಈಗ ಬುಗುರಿಯ ತಲೆಯಲ್ಲಿ ಎದ್ದು ಕೂತಿತು: ಮಸಿ ತುಂಬಿದಾಗ ಗಾಡಿ ತಾನೇ ಬಿಸಿಯೇರಿಸಿಕೊಂಡು ಅದನ್ನು ಸುಡುತ್ತದೆ, ಸುಟ್ಟು ಮುಗಿಯುವವರೆಗೆ ನಿಲ್ಲಿಸಬಾರದು. ಆಗ ಅದು ಬರೀ ಸಾಲು. ಈಗ ಕಣ್ಣೆದುರಿಗೆ ಉರಿಯುತ್ತಿದೆ.

"ಅಪ್ಪಾ, ನಿಲ್ಲಿಸ್ಬೇಡ! ಮನೆ ದಾಟಿ ಮುಂದೆ ಹೋಗು. ಬಂಕ್ ತನಕ ಹೋಗಿ ಬರೋಣ."

"ತಲೆ ಕೆಟ್ಟಿದೆಯಾ? ಸಾರು ಆರುತ್ತೆ."

ಎರಡು ಗಿಡ್ಡ, ಒಂದು ಉದ್ದ. ತಿರುವು. ಅಂಗಳ. ಕೀ ತಿರುಗಿತು, ಗಾಡಿ ಸುಮ್ಮನಾಯಿತು. ಕೆಳಗಿಳಿದ ಬುಗುರಿಗೆ ಉಕ್ಕಿನ ಡಬ್ಬಿಯಿಂದ ಒಲೆಬಾಯಿಯ ಹಾಗೆ ಝಳ ಹೊಡೆಯಿತು. ಒಳಗೆ ಏನೋ ಟಿಕ್ ಟಿಕ್ ಎನ್ನುತ್ತಿತ್ತು. ಅಲ್ಲೊಂದು ಕೆಲಸ ಶುರುವಾಗಿತ್ತು. ಇವರು ಅದನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಇವತ್ತಷ್ಟೇ ಅಲ್ಲ, ದಿನಾ.

ಅವಳು ಒಳಗೆ ಓಡಿದಳು. "ಸಿಕ್ತು! ಕೆಟ್ಟಿದ್ದು ಯಾಕೆ ಅಂತ ಸಿಕ್ತು! ಅಣ್ಣನ ಗೇರೂ ಅಲ್ಲ, ಅಪ್ಪನ ಆಯಿಲ್ಲೂ ಅಲ್ಲ. ನಮ್ಮ ಊಟ!"

ಊದಿದ ಕೆನ್ನೆಯ ಅಣ್ಣ ನಗಲು ಹೋಗಿ ನೋವಿಗೆ ಅಯ್ಯೋ ಎಂದ. ಬುಗುರಿ ಉಸಿರು ಬಿಡದೆ ವಿವರಿಸಿದಳು. ಅವಳ ಮಾತು ಮುಗಿಯುವ ಮುಂಚೆಯೇ ಅಜ್ಜಿಯ ಮುಖ ಗಡಿಗೆಯಾಗಿತ್ತು.

"ಅಂದ್ರೆ ನಾನು ಬಿಸಿ ಸಾರು ಹಾಕಿದ್ದಕ್ಕೆ ಲಾರಿ ಕೆಟ್ಟೋಯ್ತು."

"ಹಂಗಲ್ಲ ಅಜ್ಜಿ…"

"ಹಂಗೇ. ನಿಮ್ಮಜ್ಜನ ಕಾಲದಿಂದ ಎಷ್ಟು ಗಾಡಿ ನೋಡಿದೀನಿ. ಯಾವುದೂ ನನ್ನ ಸಾರಿನಿಂದ ಕೆಟ್ಟಿಲ್ಲ. ನಾಳೆಯಿಂದ ಎಲ್ರೂ ರಸ್ತೇಲೇ ತಿನ್ಕೊಳ್ಳಿ. ಹುಣ್ಣು ಮಾಡ್ಕೊಳ್ಳಿ. ನನಗೇನು?"

ಅವತ್ತು ಅಜ್ಜಿ ಎಲ್ಲರಿಗೂ ಬಡಿಸಿದಳು. ಬುಗುರಿಯ ತಟ್ಟೆಯ ಮುಂದೆ ಮಾತ್ರ ಪಾತ್ರೆಯನ್ನೇ ಕುಕ್ಕಿ ಹೋದಳು. ಅಪ್ಪ ಕಣ್ಣಲ್ಲೇ ಗದರಿದ: ಇನ್ನು ಈ ಮಾತು ಎತ್ತಬೇಡ.

ಎತ್ತಬೇಕಾಗಲಿಲ್ಲ. ಲಾರಿಯೇ ಎತ್ತಿತು. ಮರುವಾರ ಅಣ್ಣ ತುಂಬಿದ ಮೂಟೆಗಳೊಂದಿಗೆ ಗೋದಾಮಿನ ದಿಬ್ಬ ಹತ್ತುತ್ತಿದ್ದಾಗ ಹಳದಿ ದೀಪದ ಪಕ್ಕ ಕೆಂಪು ದೀಪವೂ ಹೊತ್ತಿತು. ಎಷ್ಟು ತುಳಿದರೂ ಗಾಡಿ ಶಕ್ತಿ ಕೊಡಲಿಲ್ಲ. ಹಿಂದೆ ಸಾಲುಗಟ್ಟಿದವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು. ಸೈಕಲ್ಲಿನವನೊಬ್ಬ ಲಾರಿಯನ್ನು ದಾಟಿ ಹೋಗುತ್ತ ಅಣ್ಣನಿಗೆ ಕೈಬೀಸಿ ಟಾಟಾ ಮಾಡಿದನಂತೆ. ಆ ಟಾಟಾವನ್ನು ಅಣ್ಣ ಸಾಯುವವರೆಗೂ ಮರೆಯುವಂತಿರಲಿಲ್ಲ.

ಸಂಜೆ ಗ್ಯಾರೇಜಿನ ಮೇಸ್ತ್ರಿ ಬಂದ. ಸ್ಪ್ಯಾನರಿಗಿಂತ ಹೆಚ್ಚಾಗಿ ಲ್ಯಾಪ್‌ಟಾಪ್ ಹಿಡಿಯುತ್ತಾನೆಂದು ಅವನಿಗೆ ಕಂಪ್ಯೂಟರ್ ಮೇಸ್ತ್ರಿ ಎಂದೇ ಹೆಸರು. ತಂತಿ ಚುಚ್ಚಿ ನೋಡಿ ತುಟಿ ಕಚ್ಚಿದ.

"ಯಜಮಾನ್ರೇ, ಫಿಲ್ಟರ್ ಗಂಟಲಮಟ್ಟ ತುಂಬಿದೆ. ಇನ್ನು ಓಡಿಸ್ತಾ ಸುಡೋಕಾಗಲ್ಲ. ಒಂದೇ ದಾರಿ ಇದೆ. ನಿಂತಲ್ಲೇ ಸುಡಿಸ್ಬೇಕು. ಕಂಪ್ಯೂಟರಿಂದ ನಾನು ಶುರು ಮಾಡ್ತೀನಿ, ಎಂಜಿನ್ ತಾನಾಗೇ ಜೋರಾಗಿ ಓಡ್ತಾ ಹೋಗುತ್ತೆ. ಮುಗಿಯೋ ತನಕ ಯಾರೂ ಮುಟ್ಟಂಗಿಲ್ಲ. ಮಧ್ಯೆ ನಿಂತ್ರೆ ಮುಗೀತು, ಬಿಚ್ಚಿ ಬೇರೆ ಊರಿಗೆ ಕಳಿಸ್ಬೇಕು, ವಾರಗಟ್ಟಲೆ ಗಾಡಿ ಎದ್ದೇಳಲ್ಲ."

"ಯಾವಾಗ ಮಾಡ್ತೀಯ?"

"ನಾಡಿದ್ದು ಮಧ್ಯಾಹ್ನ ಒಂದೇ ಹೊತ್ತು ನನಗೆ ಬಿಡುವು."

ಮಧ್ಯಾಹ್ನ ಎಂದ ಕೂಡಲೇ ಎಲ್ಲರೂ ಅಡುಗೆಮನೆಯ ಕಡೆ ನೋಡಿದರು. ಒಳಗೆ ಸೌಟು ಟಣ್ಣೆಂದಿತು.

ಅಷ್ಟರಲ್ಲೇ ಗಿರಣಿಯ ಮ್ಯಾನೇಜರನ ಫೋನು. ಮುಂದಿನ ವಾರ ಬಂದರಿಗೆ ದೊಡ್ಡ ಲೋಡ್ ಇದೆ, ದೂರದ ಓಟ, ಚೆನ್ನಾಗಿ ನಡೆದರೆ ತಿಂಗಳು ತಿಂಗಳೂ ಕೊಡುತ್ತೇನೆ, ಆದರೆ ದಿಬ್ಬದ ಮೇಲೆ ಮಲಗುವ ಗಾಡಿಗಲ್ಲ. ನಿಮ್ಮದು ಓಡುತ್ತದೋ ಇಲ್ಲವೋ ಶುಕ್ರವಾರ ಹೇಳಿ.

ಫೋನಿಟ್ಟ ಕೂಡಲೇ ಅಣ್ಣ ಶುರು ಮಾಡಿದ. "ಇಷ್ಟೆಲ್ಲಾ ಯಾಕೆ? ನಮ್ಮ ಗರಗಸದವ್ನು ಇದಾನಲ್ಲ. ಡಬ್ಬಿ ಕೊಯ್ದು ಒಳಗಿನ ಫಿಲ್ಟರ್ ಕಿತ್ತು ಬಿಸಾಕಿ, ಖಾಲಿ ಡಬ್ಬೀನ ವಾಪಸ್ ಬೆಸುಗೆ ಹಾಕಿ ಕೊಡ್ತಾನೆ. ಹೊರಗಿಂದ ಗೊತ್ತೂ ಆಗಲ್ಲ. ಹಳೇ ಗಾಡಿ ಥರ ಹಾಯಾಗಿ ಹೊಗೆ ಬಿಡುತ್ತೆ."

"ತಪಾಸಣೇಲಿ ಸಿಕ್ಕಿಬಿದ್ರೆ ಗಾಡಿನೇ ಹಿಡ್ಕೋತಾರೆ," ಎಂದ ಕಂಪ್ಯೂಟರ್ ಮೇಸ್ತ್ರಿ, ತಂತಿ ಸುತ್ತುತ್ತ.

ಅಪ್ಪ ಗಡ್ಡ ಕೆರೆದುಕೊಂಡ. ಅವನ ಮನಸ್ಸು ಹೊಗೆ ಬಿಡುವ ಗಾಡಿಯ ಕಡೆಗೇ ಇತ್ತು. ಬಟ್ಟೆ ಮಡಚುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದಳು: "ನೆಗಡಿ ಬಂತು ಅಂತ ಮೂಗು ಕುಯ್ಕೊಂಡ್ರಂತೆ. ಆ ಹೊಗೆ ಬಂದು ಕೂರೋದು ನಾನು ಒಣಗಾಕಿರೋ ಬಟ್ಟೆ ಮೇಲೆ. ಹಳೇ ಗಾಡಿ ಇದ್ದಾಗ ನಿಮ್ಮ ಬನಿಯನ್ನು ಯಾವ ಬಣ್ಣಕ್ಕಿತ್ತು, ನೆನಪಿದೆಯೇನ್ರೀ?"

ಬುಗುರಿ ಎದ್ದು ನಿಂತಳು. ಅವಳ ಕಿವಿ ಕೆಂಪಾಗಿತ್ತು. "ಅಣ್ಣಾ, ಬಾಜಿ ಕಟ್ತೀಯಾ? ಮೇಸ್ತ್ರಿ ಹೇಳ್ದಂಗೆ ನಾನು ನಿಂತು ಸುಡಿಸ್ತೀನಿ. ದೀಪ ಆರಿದ್ರೆ ಬಂದರಿನ ಓಟ ನಂದು. ಸ್ಟಿಯರಿಂಗ್ ನಂದು."

"ಆರ್ದಿದ್ರೆ?"

"ಗರಗಸದವನ್ನ ಕರೆಸು. ನಾನಿನ್ನು ಈ ಜನ್ಮದಲ್ಲಿ ಕೀ ಕೇಳಲ್ಲ."

"ಮೇಸ್ತ್ರಿ ಸಾಕ್ಷಿ!" ಎಂದು ಅಣ್ಣ ಅಂಗೈ ಚಾಚಿದ. ಬುಗುರಿ ಚಟೀರನೆ ಹೊಡೆದಳು. ಅಪ್ಪ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ, "ಮೊದ್ಲು ನಮ್ಮಮ್ಮನ್ನ ಒಪ್ಪಿಸು ನೋಡೋಣ. ಊಟದ ಹೊತ್ತಲ್ಲಿ ಎಂಜಿನ್ನು!" ಎಂದಷ್ಟೇ ಹೇಳಿ ಹೊರಗೆ ಹೋದ.

ಅಜ್ಜಿ ಬುಗುರಿಯೊಡನೆ ಮಾತು ಬಿಟ್ಟು ವಾರವಾಗಿತ್ತು. ಏನಾದರೂ ಬೇಕಿದ್ದರೆ ಅಮ್ಮನಿಗೆ ಹೇಳಿ ಹೇಳಿಸುತ್ತಿದ್ದಳು. ಬೆಳಿಗ್ಗೆ ಹಿತ್ತಲಿನ ನೀರೊಲೆಗೆ ಸೌದೆ ತುಂಬಿ, ಊದುಕೊಳವೆಯಿಂದ ಊದಿ, ಉರಿ ಚೆನ್ನಾಗಿ ಹತ್ತಿದ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದು ಅವಳ ಅಭ್ಯಾಸ. ಹಾಗೆ ನಿಂತಿದ್ದಾಗ ಬುಗುರಿ ಹಿಂದಿನಿಂದ ಬಂದು ಒಂದು ತಂಬಿಗೆ ನೀರನ್ನು ಒಲೆಯ ಬಾಯಿಗೆ ಸುರಿದೇಬಿಟ್ಟಳು.

ಚೊಯ್ಯೆಂದಿತು. ಹಿತ್ತಲೆಲ್ಲ ಹೊಗೆ. ಅಜ್ಜಿ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಮೌನವ್ರತವನ್ನು ಮರೆತಳು.

"ಮುಂಡೇದೇ! ಹುಚ್ಚು ಹಿಡೀತಾ ನಿನಗೆ?"

"ಯಾಕಜ್ಜಿ, ಏನಾಯ್ತು?"

"ಏನಾಯ್ತು ಅಂತಾಳೆ ನೋಡು! ಅರ್ಧ ಉರಿದಿದ್ದನ್ನ ಆರಿಸಿದ್ರೆ ಏನಾಗುತ್ತೆ? ಹೊಗೆ, ಮಸಿ, ಇದ್ದಿಲು! ಒಲೆ ತುಂಬಾ ಕಟ್ಕೊಳ್ಳುತ್ತೆ. ಉರಿ ಹತ್ತಿದ್ಮೇಲೆ ಪೂರಾ ಉರಿಯೋಕೆ ಬಿಡ್ಬೇಕು ಅಂತ ಇಷ್ಟು ವಯಸ್ಸಾದ್ರೂ ಗೊತ್ತಾಗಲ್ವಾ?"

"ನಾನೂ ಅದನ್ನೇ ಹೇಳಿದ್ದು, ಅಜ್ಜಿ."

ಹೊಗೆಯ ನಡುವಿನಿಂದ ಅಜ್ಜಿ ಅಂಗಳದಲ್ಲಿ ನಿಂತಿದ್ದ ಲಾರಿಯನ್ನು ನೋಡಿದಳು. ಮತ್ತೆ ಒಲೆಯನ್ನು ನೋಡಿದಳು.

"ದಿನಾ ಹಿಂಗೇ ಮಾಡ್ತಿದ್ವಾ ಅದಕ್ಕೆ?"

"ದಿನಾ. ಅದು ಉರಿ ಹಚ್ಕೊಂಡು ಬರೋದು, ನಾವು ನೀರು ಹುಯ್ಯೋದು."

"ಥೂ," ಎಂದಳು ಅಜ್ಜಿ. ಯಾರಿಗೆಂದು ತಿಳಿಯಲಿಲ್ಲ. ಆಮೇಲೆ ಒದ್ದೆ ಸೌದೆ ಎಳೆದು ಹಾಕುತ್ತ, "ಇನ್ನೊಂದ್ಸಲ ನನ್ನ ಒಲೆಗೆ ನೀರು ಹುಯ್ದ್ರೆ ನಿನ್ನ ತಲೆ ಮೇಲೆ ಹುಯ್ತೀನಿ. ಹೋಗು, ಒಣಗಿದ ಸೌದೆ ತಾ," ಎಂದಳು. ಬುಗುರಿ ಕುಣಿಯುತ್ತಲೇ ಹೋಗಿ ತಂದಳು.

ಗುರುವಾರ ಮಧ್ಯಾಹ್ನ ಆ ಅಂಗಳ ಮದುವೆಮನೆಯಂತಾಯಿತು. "ಡಬ್ಬಿ, ಕೊಳವೆ ಎರಡೂ ಕೆಂಡ ಆಗ್ತವೆ. ಸುತ್ತ ಒಣಗಿದ್ದು, ಉರಿಯೋದು ಏನೂ ಇರ್ಬಾರ್ದು," ಎಂದ ಮೇಸ್ತ್ರಿ. ಅಮ್ಮ ಒಣಗಿದ್ದ ಬಟ್ಟೆಯನ್ನೆಲ್ಲ ಹಗ್ಗದ ಸಮೇತ ಬಿಚ್ಚಿಕೊಂಡು ಓಡಿದಳು. ಅಪ್ಪ ಒಣಹುಲ್ಲು ಕೆತ್ತಿದ. ಬುಗುರಿ ಪ್ಲಾಸ್ಟಿಕ್ ಕುರ್ಚಿ, ಗೋಣಿಚೀಲ, ಕೋಳಿಗೂಡು ಎಲ್ಲವನ್ನೂ ಗೋಡೆಯಾಚೆ ಸಾಗಿಸಿದಳು. ಗೂಡಿನೊಳಗಿನ ಕೋಳಿಗಳು ತಮ್ಮನ್ನು ಮಾರಿಬಿಟ್ಟರೆಂದೇ ಕೂಗಿಕೊಂಡವು. ಅಣ್ಣ ಮಾತ್ರ ಇರಲಿಲ್ಲ. ಬಾಡಿಗೆ ಗಾಡಿಗೆ ಮೂಟೆ ಹೇರಿಸಿ, ಬೇಕರಿಗಳಲ್ಲಿ ಇಳಿಸಲು ಅದರ ಹಿಂದೆ ಬೈಕಿನಲ್ಲಿ ಹೋಗಿದ್ದ.

ಹ್ಯಾಂಡ್‌ಬ್ರೇಕ್ ಎಳೆದು, ಗೇರು ನ್ಯೂಟ್ರಲಿಗೆ ತಂದು, ಎಂಜಿನ್ ಚಾಲೂ ಮಾಡಿದವಳು ಬುಗುರಿಯೇ. ಮೇಸ್ತ್ರಿ ಕಂಪ್ಯೂಟರಿನ ಕೀಲಿ ಒತ್ತಿದ. ಲಾರಿ ಮೊದಲು ಗುನುಗಿತು. ಆಮೇಲೆ, ಯಾರೂ ತುಳಿಯದೆಯೇ, ತಾನಾಗಿ ಗಂಟಲು ಏರಿಸಿಕೊಂಡು ಗರ್ಜಿಸತೊಡಗಿತು. ಕಿಟಕಿಯ ಗಾಜುಗಳು ನಡುಗಿದವು. ಅಡುಗೆಮನೆಯ ಗೂಡಿನ ತಟ್ಟೆಗಳು ಕಿಣಿಕಿಣಿ ಎಂದವು. ಹೊಗೆಕೊಳವೆಯ ಮುಂದಿನ ಗಾಳಿ ನೀರಿನಂತೆ ಅಲುಗಾಡಿತು. ಮೇಸ್ತ್ರಿಯ ಪರದೆಯಲ್ಲಿ ಬಿಸಿ ಏರುತ್ತಲೇ ಹೋಯಿತು.

"ಹತ್ಕೊಳ್ತು!" ಎಂದು ಬುಗುರಿ ಕಿರುಚಿದಳು. "ಒಳಗೆ ಹತ್ಕೊಳ್ತು!"

"ಡೀಸೆಲ್ ಹೋಗ್ತಿದೆ ಕಣೇ," ಎಂದು ಅಪ್ಪ ಮುಖ ಹಿಂಡಿದ. ನಿಂತ ಗಾಡಿಯ ಎಂಜಿನ್ ಓಡಲು ಅವನು ಜನ್ಮದಲ್ಲಿ ಬಿಟ್ಟವನಲ್ಲ. ಅವನ ಬಲಗೈ ಇಲ್ಲದ ಕೀಯನ್ನು ಗಾಳಿಯಲ್ಲೇ ತಿರುಗಿಸುತ್ತಿತ್ತು.

ಊಟದ ಹೊತ್ತಾಯಿತು. ಎಲ್ಲರೂ ಅಜ್ಜಿಯ ಬಾಗಿಲ ಕಡೆ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾರಿನ ಪಾತ್ರೆಯನ್ನು ತಾನೇ ಹೊತ್ತು ಹೊರಬಂದಳು. ಗೇಟಿನ ಆಚೆ ಪಾತ್ರೆಯಿಟ್ಟು, ಕಲ್ಲುಕಟ್ಟೆಯ ಮೇಲೆ ಕೂತು, ಎಂಜಿನ್ನಿನ ಸದ್ದನ್ನೂ ಮೀರಿ ಕೂಗಿದಳು: "ಬನ್ರೋ! ಅದು ತನ್ನ ಪಾಡಿಗೆ ಉರೀಲಿ, ನಾವು ನಮ್ಮ ಪಾಡಿಗೆ ಉಣ್ಣೋಣ! ಮೇಸ್ತ್ರೀ, ನೀನೂ ಬಾ, ಆ ಕಂಪ್ಯೂಟರ್ ಇಲ್ಲೇ ತಾ!"

ರಸ್ತೆಯ ಅಂಚಿನಲ್ಲಿ ಸಾಲಾಗಿ ಕೂತು, ಒಬ್ಬರ ಮಾತು ಒಬ್ಬರಿಗೆ ಕೇಳದೆ, ಕೈಸನ್ನೆಯಲ್ಲೇ ಅನ್ನ ಕೇಳಿ, ಕೈಸನ್ನೆಯಲ್ಲೇ ಸಾಕೆಂದು ಉಂಡರು. ಅಪ್ಪ ಉಪ್ಪು ಬೇಕೆಂದು ಸನ್ನೆ ಮಾಡಿದ್ದನ್ನು ಅಮ್ಮ ನೀರೆಂದು ತಿಳಿದು ಲೋಟ ತುಂಬಿದಳು. ಮೂರು ಸಲ ಹಾಗೇ ಆದ ಮೇಲೆ ಅಪ್ಪ ಸಪ್ಪೆಯನ್ನೇ ಉಂಡ. ಬುಗುರಿ ಮಾತ್ರ ತುತ್ತು ಕಲಸಿ ಹಾಗೇ ಬಿಟ್ಟಳು. ಅವಳ ಕಣ್ಣು ಲಾರಿಯ ಮೇಲೇ. ಉರಿ, ಉರಿ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು.

ಆಗಲೇ ಬೈಕಿನಲ್ಲಿ ಅಣ್ಣ ಬಂದ. ಬಂದದ್ದು ಹಿಂದಿನ ಓಣಿಯಿಂದ, ಹಿತ್ತಲ ಬಾಗಿಲಿಗೆ. ಮನೆಯಲ್ಲಿ ಯಾರೂ ಇಲ್ಲ. ಅಡುಗೆಮನೆ ಖಾಲಿ. ಅಂಗಳದಲ್ಲಿ ಲಾರಿ ಒಂದೇ ಹುಚ್ಚು ಹಿಡಿದಂತೆ ಅರಚುತ್ತಿದೆ, ಕೊಳವೆಯ ಬಳಿ ಝಳ ಕುಣಿಯುತ್ತಿದೆ, ಕ್ಯಾಬಿನ್ನಿನಲ್ಲಿ ನರಪಿಳ್ಳೆ ಇಲ್ಲ! ಸುಡಿಸುವುದು ಇವತ್ತೆಂದು ಅವನಿಗೆ ಗೊತ್ತಿತ್ತು, ಆದರೆ ಗಾಡಿ ಇಷ್ಟು ಅರಚುತ್ತದೆಂದು, ಬಳಿಯಲ್ಲಿ ಯಾರೂ ಇರುವುದಿಲ್ಲವೆಂದು ಎಣಿಸಿರಲಿಲ್ಲ. ಗಾಡಿಗೆ ಏನೋ ಆಗಿದೆ, ಎಲ್ಲರೂ ಓಡಿಹೋಗಿದ್ದಾರೆ ಎಂದುಕೊಂಡವನೇ ಜೀವದ ಹಂಗು ತೊರೆದು ಅಂಗಳಕ್ಕೆ ಧುಮುಕಿದ. ಕೀ ತೆಗೆಯಲು.

ಮೊದಲು ಕಂಡವಳು ಬುಗುರಿ. "ಅಣ್ಣಾ! ಬೇಡ! ಮುಟ್ಬೇಡ!" ಅವಳ ದನಿ ಎಂಜಿನ್ನಿನ ಸದ್ದಿನಲ್ಲಿ ಕೊಚ್ಚಿಹೋಯಿತು. ತಟ್ಟೆ ಎಸೆದು ಓಡಿದಳು. ಅಪ್ಪ ಎಂಜಲುಗೈಯಲ್ಲೇ ಎದ್ದ, ಪಂಚೆ ಎಡವಿ ಕೂತ. ಅಣ್ಣನ ಕಾಲು ಆಗಲೇ ಲಾರಿಯ ಮೆಟ್ಟಿಲ ಮೇಲಿತ್ತು.

ಆದರೆ ಗೇಟಿನ ಪಕ್ಕದಲ್ಲೇ, ಎಲ್ಲರಿಗಿಂತ ಹತ್ತಿರ, ಪಾತ್ರೆಯ ಬಳಿ ಇದ್ದವಳು ಅಜ್ಜಿ. ಮೊಣಕಾಲು ನೋವೆಂದು ದಿನಾ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ ಅಜ್ಜಿ ಅವತ್ತು ಓಡಿದ್ದನ್ನು ನೋಡಿದವರು ಇವತ್ತಿಗೂ ನಂಬುವುದಿಲ್ಲ. ಸಾರು ಸುರಿಯುತ್ತಿದ್ದ ಸೌಟಿನಿಂದಲೇ ಅಣ್ಣನ ಬೆನ್ನಿಗೊಂದು ಬಾರಿಸಿ, ಅವನ ಅಂಗಿಯ ಹಿಂಬದಿ ಹಿಡಿದು ಜಗ್ಗಿದಳು.

"ಇಳಿಯೋ! ಇಳಿ ಕೆಳಗೆ! ಉರಿ ಹತ್ತಿದ್ದನ್ನ ಆರಿಸ್ತೀಯಾ? ಕೀಗೆ ಕೈ ಹಾಕಿದ್ರೆ ಇನ್ನೊಂದು ದವಡೆಹಲ್ಲೂ ಉದುರುತ್ತೆ!"

ಬೆನ್ನ ಮೇಲೆ ಸಾರು ಇಳಿಯುತ್ತಿರಲು ಅಣ್ಣ ಕಣ್ಣು ಕಣ್ಣು ಬಿಟ್ಟ. "ಅಜ್ಜೀ… ನೀನಾ?"

"ನಾನೇ! ಹೋಗಿ ಊಟಕ್ಕೆ ಕೂತ್ಕೋ. ರಸ್ತೇಲಿ!"

ಅಣ್ಣ ರಸ್ತೆಯಲ್ಲೇ ಕೂತು ಉಂಡ. ಬುಗುರಿ ಕಂಪ್ಯೂಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಪರದೆಯಲ್ಲಿ ಮಸಿಯ ಅಳತೆ ಇಳಿಯುವುದನ್ನು ನೋಡಿದಳು. ಪಾತ್ರೆ ತೊಳೆದಿಟ್ಟು, ಕೋಳಿಗಳು ಕೂಗಿ ಕೂಗಿ ಮಲಗಿದ ಮೇಲೆ ಲಾರಿಯ ಗರ್ಜನೆ ಒಮ್ಮೆಲೇ ಇಳಿಯಿತು. ಗುನುಗಾಯಿತು. ಬುಗುರಿ ಕ್ಯಾಬಿನ್ನಿಗೆ ಹಾರಿದಳು. ಕೆಂಪು ದೀಪ ಇಲ್ಲ. ಹಳದಿಯೂ ಇಲ್ಲ.

"ಆರಿದೆ!" ಅವಳು ಕಿಟಕಿಯಿಂದ ಅರ್ಧ ದೇಹ ಹೊರಹಾಕಿ ಕೂಗಿದಳು. "ಎರಡೂ ಆರಿದೆ! ಅಣ್ಣಾ, ಸ್ಟಿಯರಿಂಗ್ ನಂದು!"

ಮೇಸ್ತ್ರಿ ತಂತಿ ಸುತ್ತುತ್ತ ಎರಡು ಮಾತು ಸೇರಿಸಿದ. ಆಯಿಲ್ ಇವತ್ತೇ ಬದಲಿಸಿ, ಈ ಗಾಡಿಗೆ ಹೇಳಿದ್ದೇ ಹಾಕಿ, ಅಗ್ಗದ್ದು ಬೂದಿ ಜಾಸ್ತಿ ಬಿಡುತ್ತೆ. ಅಣ್ಣ ಅಪ್ಪನ ಕಡೆ ನೋಡಿ ಹುಬ್ಬು ಹಾರಿಸಿದ. ಮಸಿ ಸುಟ್ಟಿತು, ಬೂದಿ ಒಳಗೇ ಉಳಿದಿದೆ, ಅದಕ್ಕೆ ಮುಂದೊಂದು ದಿನ ಬಿಚ್ಚಿ ತೊಳೆಸಬೇಕು ಎಂದ ಮೇಸ್ತ್ರಿ.

"ಒಲೆ ಬೂದಿ ತೆಗೆಯೋದನ್ನ ನನಗೆ ಹೇಳ್ಕೊಡ್ತಾನೆ," ಎಂದಳು ಅಜ್ಜಿ.

ಅವತ್ತಿನಿಂದ ಮನೆಗೊಂದು ಹೊಸ ಕಟ್ಟಳೆ ಬಂತು. ತಿರುವಿನಲ್ಲಿ ದೀಪ ನೋಡಬೇಕು. ಉರಿಯುತ್ತಿದ್ದರೆ ಹಾರ್ನ್ ಹೊಡೆದು, ಅಂಗಳಕ್ಕೆ ತಿರುಗದೆ ನೇರ ಹೋಗಬೇಕು. ಆರಿದ ಮೇಲೆ ಬರಬೇಕು. ತಡವಾಗಿ ಬಂದವನಿಗೆ ಅಜ್ಜಿ ಸಾರು ಮತ್ತೆ ಬಿಸಿ ಮಾಡಿ ಕೊಡುತ್ತಿದ್ದಳು, ಗೊಣಗುತ್ತಲೇ.

ಬಂದರಿನ ಓಟದ ದಿನ ಅಪ್ಪ ಕೀಯನ್ನು ಬುಗುರಿಯ ಕೈಗೆ ಕೊಡಲಿಲ್ಲ. ಅವಳ ಬೆಳಗಿನ ತಿಂಡಿಯ ತಟ್ಟೆಯ ಪಕ್ಕದಲ್ಲಿಟ್ಟು ಸುಮ್ಮನೆ ಎದ್ದುಹೋಗಿ ಪಕ್ಕದ ಸೀಟಿನಲ್ಲಿ ಕೂತ. ಅಣ್ಣ ಚಕ್ರಗಳನ್ನೆಲ್ಲ ಎರಡೆರಡು ಸಲ ತಟ್ಟಿ ನೋಡಿದ. "ದಿಬ್ಬದ ಮೇಲೆ ಸೈಕಲ್ಲಿನವ್ನು ಸಿಕ್ರೆ ನನ್ನ ಹೆಸರು ಹೇಳಿ ಟಾಟಾ ಮಾಡು," ಎಂದ.

ಗಿರಣಿಯಲ್ಲಿ ಲೋಡ್ ಆಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅದೇ ಗೋದಾಮಿನ ದಿಬ್ಬವನ್ನು ಲಾರಿ ತುಂಬಿದ ಹೊಟ್ಟೆಯಲ್ಲೇ ಗುಡುಗುತ್ತ ಹತ್ತಿತು. ಬುಗುರಿಯ ಅಂಗೈ ಬೆವೆತಿತ್ತು, ಬಾಯಿ ನಗುತ್ತಿತ್ತು. ಅಪ್ಪ ಪ್ರತಿ ಗೇರಿಗೂ ತನ್ನ ಎಡಗಾಲನ್ನು ಇಲ್ಲದ ಕ್ಲಚ್ಚಿನ ಮೇಲೆ ಒತ್ತುತ್ತಿದ್ದ. ಬೈಪಾಸಿಗೆ ಬಿದ್ದರು. ಗಾಡಿ ಬಿಸಿಯಾಯಿತು. ಎಂಜಿನ್ನಿನ ದನಿ ಒಂದಿಷ್ಟು ದಪ್ಪವಾಯಿತು. ಪುಟ್ಟ ದೀಪ ಹೊತ್ತಿತು.

ಎದುರಿಗೆ ತಿರುವು. ತಿರುವಿನಾಚೆ ಮನೆ. ಊಟದ ಹೊತ್ತು.

ಅಪ್ಪನ ಕೈ ಹೊಟ್ಟೆಯ ಮೇಲೆ ಹೋಯಿತು. "ಬುಗುರೀ… ಸಾರು ಆರುತ್ತಲ್ಲೇ," ಎಂದ, ಮೆತ್ತಗೆ.

"ಆರ್ಲಿ, ಅಪ್ಪಾ."

ಎರಡು ಗಿಡ್ಡ, ಒಂದು ಉದ್ದ. ಗೇಟಿನಲ್ಲಿ ಅಮ್ಮ ಅಭ್ಯಾಸಬಲದಿಂದ ತಟ್ಟೆ ಹಿಡಿದುಕೊಂಡೇ ಓಡಿಬಂದಿದ್ದಳು. ಪಕ್ಕದಲ್ಲಿ ಅಜ್ಜಿ. ಲಾರಿ ಗಾಳಿಯೆಬ್ಬಿಸಿ ಮುಂದೆ ಹಾಯಿತು. ಕನ್ನಡಿಯಲ್ಲಿ ಅಜ್ಜಿ ಸೌಟು ಬೀಸುತ್ತ ಏನೋ ಕೂಗುತ್ತಿದ್ದಳು, ಸಣ್ಣದಾಗುತ್ತ, ಇನ್ನೂ ಸಣ್ಣದಾಗುತ್ತ.

"ಬೈತಿದಾಳೆ," ಎಂದ ಅಪ್ಪ. "ನಿಧಾನ ಹೋಗು ಅಂತ ಇರ್ಬೇಕು."

"ಅಲ್ಲ. ನಿಲ್ಲಿಸ್ಬೇಡ ಅಂತ."

ಅಪ್ಪ ಹೊರಳಿ ಹಿಂದೆ ನೋಡಿದ. ಆಮೇಲೆ ಸೀಟಿನ ಕೆಳಗಿನಿಂದ ಊಟದ ಡಬ್ಬಿ ಎಳೆದ. ಬೆಳಿಗ್ಗೆ ಅಜ್ಜಿ ಯಾರಿಗೂ ಹೇಳದೆ ಬಟ್ಟೆಯಲ್ಲಿ ಸುತ್ತಿ ಅಲ್ಲಿಟ್ಟಿದ್ದಳು. ಮುಚ್ಚಳ ತೆಗೆದು, ತಣ್ಣಗಾದ ಸಾರನ್ನು ಅನ್ನಕ್ಕೆ ಸುರಿದು, ಒಂದು ತುತ್ತು ಬಾಯಿಗಿಟ್ಟ. ಅಗಿದ. ಬಹಳ ಹೊತ್ತು ಅಗಿದ. ಅಷ್ಟರಲ್ಲಿ ಮುಂದಿನ ಫಲಕದ ಪುಟ್ಟ ದೀಪ ತಾನಾಗಿಯೇ ಆರಿತು. ಬುಗುರಿ ಹೋ ಎಂದು ಕೂಗಿ ಮತ್ತೊಮ್ಮೆ ಹಾರ್ನ್ ಒತ್ತಿದಳು, ಖಾಲಿ ರಸ್ತೆಗೆ.

"ಆರಿದ್ರೂ ಚೆನ್ನಾಗೇ ಇದೆ ಕಣೇ ಸಾರು," ಎಂದ ಅಪ್ಪ, ಎರಡನೆಯ ತುತ್ತು ಕಲಸುತ್ತ. "ನಮ್ಮಮ್ಮನಿಗೆ ಮಾತ್ರ ಹೇಳ್ಬೇಡ."